ದೊಡ್ಡ ಸೋಲಿನಲ್ಲಿ ಪ್ಲಸ್-ಮೈನಸ್ ನಂಬಬಹುದೇ?

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಬಾಕ್ಸ್ ಸ್ಕೋರ್‌ನಲ್ಲಿ (ಪಂದ್ಯದ ಅಂಕಿಅಂಶದ ಪಟ್ಟಿ) ಪ್ಲಸ್-ಮೈನಸ್ ಅಂತ ಒಂದು ಕಾಲಂ ಇರುತ್ತದೆ. ಆಟಗಾರ ಅಂಕಣದಲ್ಲಿದ್ದಷ್ಟು ಹೊತ್ತು ತಂಡ ಗಳಿಸಿದ ಅಂಕದಲ್ಲಿ ಎದುರಾಳಿಯ ಅಂಕ ಕಳೆದರೆ ಆ ಸಂಖ್ಯೆ ಸಿಗುತ್ತದೆ. ನೋಡಲು ದುಡ್ಡು ಕೊಡಬೇಕಿಲ್ಲ, ಆಟ ನಡೆಯುವಾಗಲೇ ಬದಲಾಗುತ್ತಿರುತ್ತದೆ. ಆದರೆ ಏಕಪಕ್ಷೀಯ ಸೋಲಾದ ಮೇಲೆ ಅದನ್ನೇ ಹಿಡಿದು ಒಬ್ಬನ ಮೇಲೆ ತಪ್ಪು ಹೊರಿಸುವುದು ಅನ್ಯಾಯ.

ಮೊದಲು ಈ ಲೆಕ್ಕ ಹಾಕಿ. 30 ಅಂಕದಿಂದ ಸೋತ ತಂಡದ ಎಲ್ಲರ ಪ್ಲಸ್-ಮೈನಸ್ ಕೂಡಿಸಿದರೆ −150 ಬರುತ್ತದೆ, ಏಕೆಂದರೆ ಪ್ರತಿ ಅಂಕವೂ ಐವರ ಖಾತೆಗೆ ಬೀಳುತ್ತದೆ. 48 ನಿಮಿಷದ ಪಂದ್ಯದಲ್ಲಿ ಐವರ ಒಟ್ಟು 240 ನಿಮಿಷಕ್ಕೆ ಹಂಚಿದರೆ ನಿಮಿಷಕ್ಕೆ −0.625. ಅಂದರೆ 32 ನಿಮಿಷ ಆಡಿ −20 ಪಡೆದವನು ತಂಡದ ಸರಾಸರಿಯಲ್ಲೇ ಇದ್ದಾನೆ. 30 ನಿಮಿಷಕ್ಕೆ −25 ಆದವನ ಕಥೆ ಬೇರೆ: ಅವನಿಲ್ಲದ 18 ನಿಮಿಷದಲ್ಲಿ ತಂಡ ಸೋತಿದ್ದು ಬರೀ 5 ಅಂಕದಿಂದ. ಅಲ್ಲಿ ಪ್ರಶ್ನೆ ಕೇಳಲೇಬೇಕು.

ಆದರೆ ಆ 18 ನಿಮಿಷ ಯಾವಾಗಿನದು? ಇಲ್ಲಿಯೇ ಹೆಚ್ಚಿನವರು ಎಡವುವುದು. 2022ರ ಮೇ 15ರಂದು, ಆ ಋತುವಿನಲ್ಲಿ 64 ಪಂದ್ಯ ಗೆದ್ದಿದ್ದ ಫೀನಿಕ್ಸ್ ಸನ್ಸ್, ಪ್ಲೇಆಫ್ ಸರಣಿಯ ಏಳನೇ ಪಂದ್ಯವನ್ನು ತವರಿನಲ್ಲೇ ಡಲ್ಲಾಸ್ ಮ್ಯಾವೆರಿಕ್ಸ್‌ಗೆ 90–123ರಿಂದ ಸೋತಿತು. 12 ನಿಮಿಷದ ನಾಲ್ಕು ಕ್ವಾರ್ಟರ್‌ಗಳಲ್ಲಿ ಮೂರು ಮುಗಿದಾಗ 50–92. ಕೊನೆಯ ಕ್ವಾರ್ಟರ್ ಮಾತ್ರ ಸನ್ಸ್ 40–31ರಿಂದ ಗೆದ್ದಿತ್ತು. ಪಂದ್ಯ ಕೈಬಿಟ್ಟ ಮೇಲೆ ಬಂದ ಆ 9 ಅಂಕದ ಲಾಭ ಆಗ ಆಡಿದವರ ಪಾಲಾಯಿತು. ಅದನ್ನು ಸ್ಟಾರ್ಟರ್‌ಗಳ (ಪಂದ್ಯ ಶುರುವಾದಾಗ ಕಣಕ್ಕಿಳಿದ ಐವರ) ಜೊತೆ ಹೋಲಿಸಿ ಪ್ರಯೋಜನವಿಲ್ಲ. ಹಾಗಂತ ಸನ್ಸ್‌ನ ತಾರೆ ಡೆವಿನ್ ಬುಕರ್ 14 ಯತ್ನದಲ್ಲಿ 3 ಸಲ ಮಾತ್ರ ಬ್ಯಾಸ್ಕೆಟ್ ಮಾಡಿದ್ದು ಮಾಫಿ ಆಗುವುದಿಲ್ಲ. ಆದರೆ ಅದು ತಿಳಿಯುವುದು ಶಾಟ್ ಕಾಲಂನಿಂದ, ಪ್ಲಸ್-ಮೈನಸ್‌ನಿಂದಲ್ಲ.

ಇದಕ್ಕೆ ಕ್ಲೀನಿಂಗ್ ದಿ ಗ್ಲಾಸ್ ತಾಣದ ಸೋಸುವ ನಿಯಮ ಚೆನ್ನಾಗಿದೆ. ನಾಲ್ಕನೇ ಕ್ವಾರ್ಟರ್‌ನಲ್ಲಿ 12ರಿಂದ 9 ನಿಮಿಷ ಉಳಿದಿರುವಾಗ ಕನಿಷ್ಠ 25, 9ರಿಂದ 6ರವರೆಗೆ 20, ಆಮೇಲೆ 10 ಅಂಕದ ಅಂತರ ಇರಬೇಕು. ಜೊತೆಗೆ ಎರಡೂ ತಂಡ ಸೇರಿ ಅಂಕಣದಲ್ಲಿ ಇಬ್ಬರಿಗಿಂತ ಹೆಚ್ಚು ಸ್ಟಾರ್ಟರ್‌ಗಳು ಇರಬಾರದು. ಆಗ ಅದು ಗಾರ್ಬೇಜ್ ಟೈಮ್ (ಸೋಲು-ಗೆಲುವು ತೀರ್ಮಾನವಾದ ಮೇಲಿನ ಆಟ), ಲೆಕ್ಕದಿಂದ ಹೊರಗೆ.

ಇಷ್ಟು ಸೋಸಿದರೂ ಎದುರಾಳಿಯ ತ್ರೀ-ಪಾಯಿಂಟರ್‌ಗಳು (ದೂರದಿಂದ ಹಾಕುವ ಮೂರು ಅಂಕದ ಶಾಟ್‌ಗಳು) ಉಳಿದೇ ಇರುತ್ತವೆ. ಒಬ್ಬ ಅಂಕಣದಲ್ಲಿದ್ದ ಆರು ನಿಮಿಷದಲ್ಲಿ ಎದುರಾಳಿ ಐದಕ್ಕೆ ಐದೂ ಹಾಕಿದರೆ ಅವನ ಖಾತೆಗೆ −15. ಆ ಐದರಲ್ಲಿ ಅವನು ಕಾಯಬೇಕಿದ್ದವನು ಹೊಡೆದಿದ್ದು ಎಷ್ಟು ಎಂದು ತಿಳಿಯಲು ವಿಡಿಯೋ ನೋಡಲೇಬೇಕು. ಪ್ಲೇ-ಬೈ-ಪ್ಲೇಯಲ್ಲಿ (ಪಂದ್ಯದ ಪ್ರತಿ ಘಟನೆಯ ದಾಖಲೆ) ಹೊಡೆದವನ ಹೆಸರಿರುತ್ತದೆ, ಅವನನ್ನು ಬಿಟ್ಟವನ ಹೆಸರಿರುವುದಿಲ್ಲ.