ಹಳೆ ರಿಕರ್ವ್ ಬಿಲ್ಲು ಕೊಳ್ಳುವವರೇ, ಸೈಟ್ ತಿರುಗಿಸುವ ಮೊದಲು ಓದಿ

ಕೊಡಗಿನ ಗೋಣಿಕೊಪ್ಪ ಕಡೆಯ ಹುಡುಗನೊಬ್ಬನ ಎಡಗೈಗೆ ಕಾರ್ಬನ್ ಬಾಣದ ಸಿಬಿರು ಹೊಕ್ಕಿತು. ಹೆದೆ ಬಿಟ್ಟ ಕ್ಷಣಕ್ಕೇ ಬಾಣ ಸೀಳಿಹೋಗಿತ್ತು. ಇದು ಯಾರಿಗೂ ಆಗಬಾರದು.

ಬಿಲ್ಲು ಸೆಕೆಂಡ್ ಹ್ಯಾಂಡ್ ರಿಕರ್ವ್, ಅಂದರೆ ತುದಿಗಳು ಮುಂದಕ್ಕೆ ಬಾಗಿದ್ದು. ಎಳೆಯಲು ಭಾರವೆಂದು ಮಾರಿದವರೇ ಲಿಂಬ್ ಬೋಲ್ಟ್ (ಬಿಲ್ಲಿನ ಮೇಲಿನ, ಕೆಳಗಿನ ತೋಳುಗಳನ್ನು ಹಿಡಿದಿಡುವ ಬೋಲ್ಟ್) ಸಡಿಲಿಸಿ ಕೊಟ್ಟಿದ್ದರು. ಪೌಂಡ್ (ಎಳೆಯಲು ಬೇಕಾದ ಬಲ) ಇಳಿದರೆ ಅದೇ ಬಾಣ ಬಿಲ್ಲಿಗೆ ಗಡುಸಾಗುತ್ತದೆ, ಸಾಕಷ್ಟು ಬಾಗದೆ ಬಲಗೈಯವರಿಗೆ ಎಡಕ್ಕೆ ಹೋಗುತ್ತದೆ. ಮನೆಯವರು ಸೈಟನ್ನು, ಅಂದರೆ ಬಿಲ್ಲಿನ ಮೇಲೆ ಗುರಿ ನೋಡುವ ಸಾಧನವನ್ನು, ಎಡಕ್ಕೆ ಸರಿಸುತ್ತಾ ಹೋದರು. ಕೋವಿ ಬಳಸಿ ಗೊತ್ತಿರುವ ನಮ್ಮ ಮನೆಗಳಲ್ಲಿ ಮೊದಲು ಕೈ ಹೋಗುವುದೇ ಅಲ್ಲಿಗೆ. ದೋಷ ಮುಚ್ಚಿಕೊಂಡಿತು, ಗ್ರೂಪ್ ಮಾತ್ರ ಕೂಡಲಿಲ್ಲ, ಬಾಣಗಳು ಒಂದೆಡೆ ಬೀಳಲಿಲ್ಲ. ಒಂದು ಬಾಣ ಗುರಿಯ ಮರದ ಚೌಕಟ್ಟಿಗೆ ಬಡಿದು ಬಿರುಕು ಬಿಟ್ಟಿತು. ಯಾರೂ ನೋಡದೆ ಅದನ್ನೇ ಮತ್ತೆ ಹೂಡಿದರು.

ಸೈಟ್ ಕೊನೆಯ ಕೆಲಸ. ಮೊದಲು ಎರಡೂ ಬೋಲ್ಟ್ ಕೈಪಿಡಿಯ ಮಿತಿಯೊಳಗಿವೆಯೇ ನೋಡಿ. ಮಿತಿ ಮೀರಿ ಬಿಚ್ಚಿದರೆ ಲಿಂಬ್ ಕಿತ್ತು ಮುಖಕ್ಕೇ ಬರಬಹುದು. ತಿರುಗಿಸುವಾಗ ಹೆದೆ ಇಳಿಸಿರಬೇಕು, ಮೇಲೆ ಕೆಳಗೆ ಸಮನಾಗಿ ತಿರುಗಿಸಬೇಕು. ನಂತರ ಬ್ರೇಸ್ ಹೈಟ್ (ಬಿಲ್ಲಿನ ಹಿಡಿಯಿಂದ ಹೆದೆಗಿರುವ ದೂರ): 68 ಇಂಚಿನ ಬಿಲ್ಲಿಗೆ ಸುಮಾರು 8.5ರಿಂದ 9 ಇಂಚು. ಕಡಿಮೆಯಿದ್ದರೆ ಹೆದೆಗೆ ಇನ್ನಷ್ಟು ತಿರುವು ಹಾಕಿ. ಹೊಸ ಹೆದೆ ಹಿಗ್ಗುತ್ತದೆ, ಹಾಗಾಗಿ ಪ್ರತಿ ಸಲ ಅಳೆಯಿರಿ. ನಾಕಿಂಗ್ ಪಾಯಿಂಟನ್ನು (ಹೆದೆಯಲ್ಲಿ ಬಾಣ ಸಿಕ್ಕಿಸುವ ಜಾಗ) ಚೌಕ ಗೆರೆಗಿಂತ (ಬಾಣದ ಆಸರೆಯಿಂದ ಹೆದೆಗೆ ಲಂಬವಾಗಿ ಬರುವ ಗೆರೆ) 3ರಿಂದ 6 ಮಿ.ಮೀ. ಮೇಲಿಂದ ಶುರುಮಾಡಿ.

ಆಮೇಲೆ 18 ಮೀಟರಿನಲ್ಲಿ ವೇನ್ (ಬಾಲದ ಗರಿ) ಇರುವ ಮೂರು ಬಾಣ, ವೇನ್ ಇಲ್ಲದ ಎರಡು ಬೇರ್ ಶಾಫ್ಟ್. ಬೇರ್ ಶಾಫ್ಟ್ ಉಳಿದವುಗಳಿಗಿಂತ ಮೇಲೆ ಚುಚ್ಚಿದರೆ ನಾಕಿಂಗ್ ಪಾಯಿಂಟ್ ಮೇಲೇರಿಸಿ, ಕೆಳಗಾದರೆ ಇಳಿಸಿ. ಬಲಗೈಯವರಿಗೆ ಅದು ಎಡಕ್ಕೆ ಬಿದ್ದರೆ ಬಾಣ ಗಡುಸು: ಪ್ಲಂಜರ್ (ಬಾಣದ ಪಕ್ಕಕ್ಕೆ ಆನಿಕೊಳ್ಳುವ ಗುಂಡಿ) ಸ್ಪ್ರಿಂಗ್ ಸ್ವಲ್ಪ ಸಡಿಲಿಸಿ, ಇಲ್ಲವೇ ಮಿತಿಯೊಳಗೆ ಪೌಂಡ್ ಏರಿಸಿ. ಬಲಕ್ಕೆ ಬಿದ್ದರೆ ತದ್ವಿರುದ್ಧ. ಅಂತರ ತೀರಾ ದೊಡ್ಡದಿದ್ದರೆ ಬಾಣದ ಸ್ಪೈನೇ (ಎಷ್ಟು ಬಾಗುತ್ತದೆ ಎಂಬ ಅಳತೆ) ತಪ್ಪು, ಬೇರೆ ಬಾಣ ಕೊಳ್ಳದೆ ವಿಧಿಯಿಲ್ಲ. ಸ್ಪೈನ್ ಸಂಖ್ಯೆ ದೊಡ್ಡದಾದಷ್ಟೂ ಬಾಣ ಮೆತ್ತಗೆ. ಅಂಗಡಿಯಲ್ಲಿ ಇದನ್ನೇ ತಿರುವುಮುರುವಾಗಿ ಹೇಳುವವರಿದ್ದಾರೆ.

ಗಟ್ಟಿಗೆ ಬಡಿದ ಪ್ರತಿ ಕಾರ್ಬನ್ ಬಾಣವನ್ನೂ ಮುಖದಿಂದ ದೂರ ಹಿಡಿದು ನಿಧಾನವಾಗಿ ಬಾಗಿಸಿ, ತಿರುಚಿ. ಚಿಟಿಚಿಟಿ ಸದ್ದು ಬಂದರೆ ಮುರಿದು ಎಸೆಯಿರಿ. ಅಂಟು ಹಾಕಿ ಉಳಿಸಿಕೊಳ್ಳಬೇಡಿ.

ಬೇರ್ ಶಾಫ್ಟ್ ಹೇಗೆ ಬೇಕಾದರೂ ಹಾರುತ್ತದೆ. ಕಣದಲ್ಲಿ ಕಾಫಿ ಹರಡಿದ್ದಾಗ ಹಿತ್ತಲಲ್ಲೇ ಗುರಿ ಇಡುವವರು ಎತ್ತರದ ಮಣ್ಣಿನ ಬರೆಗೆ ಒರಗಿಸಿ ಇಡಿ. ಹಿಂದೆ ತೋಟದಲ್ಲಿ ಹಣ್ಣು ಕುಯ್ಯುವವರಿದ್ದರೆ ಆ ದಿನ ಬಿಲ್ಲು ಎತ್ತಲೇಬೇಡಿ.