ಕಾಂಟೆಸ್ಸಾಗೆ ಸಸ್ಪೆನ್ಷನ್: ಹೊಸೂರಿನ ಗ್ಯಾರೇಜಲ್ಲಿ ಆದ ಅನುಭವ

ಹೊಸೂರಲ್ಲಿ ಬಾಗಲೂರು ರೋಡ್ ಕಡೆ ಒಂದು ಸಣ್ಣ ಗ್ಯಾರೇಜ್ ಇದೆ, ಹೆಸ್ರು ಬೇಡ ಬಿಡಿ, ಬೈಯೋದೂ ಸ್ವಲ್ಪ ಇದೆ. ನನ್ ಹಳೇ ಕಾಂಟೆಸ್ಸಾ ಕಾರ್ನ ಚೆನ್ನೈ ಹತ್ರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಲ್ಲಿ ಓಡಿಸ್ಬೇಕು ಅಂತ ಹುಚ್ಚು ಹಿಡಿದಿತ್ತು, ಸೀದಾ ಹೋಗಿ ಕಾಯಿಲೋವರ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಒಂದ್ರಲ್ಲೇ ಸೇರಿರೋದು) ಹಾಕಣ್ಣ ಅಂದೆ.

ಮೇಸ್ತ್ರಿ ನಕ್ಕು, ಗಾಡಿ ಎತ್ತಿ ಹಿಂದ್ಗಡೆ ತೋರ್ಸಿದ್ರು. ಇದ್ರಲ್ಲಿ ಹಿಂದೆ ಸಾಲಿಡ್ ಆಕ್ಸಲ್, ಅಂದ್ರೆ ಎರಡೂ ಚಕ್ರಕ್ಕೆ ಸೇರಿ ಒಂದೇ ಗಟ್ಟಿ ಅಚ್ಚು, ಕಾಯಿಲ್ ಸ್ಪ್ರಿಂಗ್ ಬೇರೆ ಶಾಕ್ ಬೇರೆ, ಹಂಗಾಗಿ ಕಾಯಿಲೋವರ್ ಹಾಕಿದ್ರೆ ಬರೀ ಶಾಕ್ ಹಿಡ್ಕೊಳಕ್ಕೆ ಅಂತ ಮಾಡಿರೋ ಜಾಗದ್ ಮೇಲೆ ಗಾಡಿ ಹಿಂದ್ಗಡೆ ತೂಕ ಪೂರ್ತಿ ಬೀಳತ್ತೆ, ವೆಲ್ಡ್ ಮಾಡಿ ಗಟ್ಟಿ ಮಾಡ್ದೆ ಇದ್ರೆ ತಗಡು ಹರಿಯತ್ತೆ ಅಂದ್ರು. ದುಡ್ಡು ಬರೋ ಕೆಲ್ಸನ ಬೇಡ ಅಂದ್ರಲ್ಲ, ಅಲ್ಲೇ ನಂಬಿಕೆ ಬಂತು. ಅಮೆರಿಕದ ಹಳೇ ಮಸ್ಟಾಂಗ್ ಆದ್ರೆ ಕತೆ ಬೇರೆ, ಅದ್ರಲ್ಲಿ ಹಿಂದೆ ಲೀಫ್ ಸ್ಪ್ರಿಂಗೇ (ಲಾರಿಲಿ ಇರೋ ತರ ಪಟ್ಟಿ ಸ್ಪ್ರಿಂಗ್) ಆಕ್ಸಲ್ನೂ ಹಿಡ್ಕೊಂಡಿರತ್ತೆ, ಜೋರಾಗಿ ಆಕ್ಸಿಲರೇಟರ್ ಒತ್ತಿದ್ರೆ ಪಟ್ಟಿ ತಿರುಚ್ಕೊಂಡು ಚಕ್ರ ಕುಣಿಯತ್ತೆ.

ಕೊನೆಗೆ ಸ್ವಲ್ಪ ಗಟ್ಟಿ ಸ್ಪ್ರಿಂಗ್, ಅದಕ್ಕೆ ಹೊಂದೋ ಶಾಕ್, ಕೀಲುಗಳಿಗೆ ಹೊಸ ಬುಷ್, ಮುಂದೆ ದಪ್ಪ ಆಂಟಿ ರೋಲ್ ಬಾರ್ (ಗಾಡಿ ವಾಲೋದನ್ನ ತಡೆಯೋ ಸರಳು) ಹಾಕಿದ್ರು. ತಿರುವಲ್ಲಿ ದೋಣಿ ತರ ವಾಲ್ತಿದ್ದಿದ್ದು ಎಷ್ಟೋ ಕಮ್ಮಿ ಆಗಿದೆ.

ಆದ್ರೆ ವಾರ ಅಂದೋರು ತಿಂಗ್ಳು ಎಳೆದ್ರು, ವೀಲ್ ಅಲೈನ್ಮೆಂಟ್ ಮಾಡ್ದೇನೇ ಕೀ ಕೊಟ್ರು, ಬೇರೆ ಕಡೆ ದುಡ್ಡು ಕೊಟ್ಟು ಮಾಡಿಸ್ದೆ. ಕೆಲ್ಸಕ್ಕೆ ನಾಲ್ಕು ಸ್ಟಾರ್, ಮಾತಿಗೆ ಎರಡು. ಸ್ಪ್ರಿಂಗ್ ಗಟ್ಟಿ ಆಗಿ ಗಾಡಿ ಎತ್ತಿಹಾಕತ್ತಲ್ಲ, ಮನೆಯವ್ಳು ಮಾತ್ರ ಹಂಪ್ ಬಂದಾಗೆಲ್ಲ ನನ್ ಮುಖ ನೋಡ್ತಾಳೆ.