ಒಂದೇ ಪಾಠ, ಬೇರೆ ಬೇರೆ ದಾರಿ: ಮನೆಯ ಎರಡು ನಾಯಿಗಳಿಗೆ ಕಲಿಸಿ ನೋಡಿದ ಹೋಲಿಕೆ

ಮೈಸೂರಿನ ಇಟ್ಟಿಗೆಗೂಡಿನ ನಮ್ಮ ಮನೆಯಲ್ಲಿ ಎರಡು ನಾಯಿಗಳಿವೆ. ಭೀಮ 32 ಕಿಲೋ ತೂಗುವ ಲ್ಯಾಬ್ರಡಾರ್. ಐವತ್ತು ದಿನದ ಮರಿಯಾಗಿದ್ದಾಗ ಬಂದವನಿಗೆ ಈಗ ಐದು ವರ್ಷ. ಚಿನ್ನಿ ಊರನಾಯಿ. ಮೂರು ವರ್ಷದ ಹಿಂದೆ ಆಷಾಢದ ಮಳೆಯಲ್ಲಿ ಮೋರಿಯ ಕಲ್ಲಿನ ಮೇಲೆ ನೆನೆದು ಕೂತಿದ್ದವಳನ್ನು ನನ್ನ ಮಗಳು ದುಪಟ್ಟಾದಲ್ಲಿ ಸುತ್ತಿ ಮನೆಗೆ ತಂದಳು. ಹಲ್ಲು ನೋಡಿದ ಪಶುವೈದ್ಯರು ಅವಳಿಗೆ ಎರಡೂವರೆ ತಿಂಗಳಿರಬಹುದು ಎಂದರು. ಅವನಿಗೆ ಊಟವೆಂದರೆ ಪ್ರಾಣ, ಅವಳಿಗೆ ಸದ್ದೆಂದರೆ ಜೀವಭಯ. ಹೀಗೆ ಸ್ವಭಾವದಲ್ಲಿ ಒಬ್ಬರನ್ನೊಬ್ಬರು ಹೋಲದ ಇವರಿಬ್ಬರಿಗೂ ಅದೇ ಪಾಠಗಳನ್ನು ಬೇರೆ ಬೇರೆ ವಿಧಾನದಲ್ಲಿ ಕಲಿಸಬೇಕಾಗಿ ಬಂದಿತು. ಪ್ರತಿಯೊಂದು ವಿಧಾನವನ್ನೂ ಸಾಧ್ಯವಾದಷ್ಟು ಎರಡು ವಾರ ಬಿಡದೆ ಮಾಡಿ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನದಿನದ ಗುರುತು ಹಾಕಿಕೊಂಡಿದ್ದರಿಂದ, ಯಾವುದು ಫಲ ಕೊಟ್ಟಿತು, ಯಾವುದು ಕೊಡಲಿಲ್ಲ, ಯಾವುದು ಫಲ ಕೊಟ್ಟರೂ ಮುಂದುವರಿಸಬಾರದು ಎಂಬುದನ್ನು ಹೋಲಿಸಿ ಹೇಳಲು ನನಗೆ ಸಾಧ್ಯವಾಗಿದೆ.

ಮೂತ್ರದ ಅಭ್ಯಾಸದಿಂದ ಆರಂಭಿಸುತ್ತೇನೆ. ಭೀಮನಿಗೆ ಹಳೆಯ ದಿನಪತ್ರಿಕೆಯನ್ನು ಹಾಸಿ ಕಲಿಸಿದೆವು. ಚಿನ್ನಿಯನ್ನು ಗಡಿಯಾರ ನೋಡಿಕೊಂಡು ಹಿತ್ತಲಿಗೆ ಕರೆದೊಯ್ದೆವು. ಪತ್ರಿಕೆಯ ವಿಧಾನ ಮೊದಲ ವಾರದಲ್ಲೇ ಕೈಹಿಡಿಯಿತು, ನೆಲ ಒರೆಸುವ ಕೆಲಸ ಅರ್ಧಕ್ಕಿಳಿಯಿತು. ಆದರೆ ಅವನು ಕಲಿತದ್ದು ಹೊರಗೆ ಹೋಗಬೇಕೆಂಬುದನ್ನಲ್ಲ, ಕಾಗದದ ಮೇಲೆ ಮಾಡಬೇಕೆಂಬುದನ್ನು. ಐದು ತಿಂಗಳಾದ ಮೇಲೂ, ಮಗಳು ನಡುಮನೆಯಲ್ಲಿ ಹರಡಿಕೊಂಡಿದ್ದ ಪಠ್ಯಪುಸ್ತಕಗಳ ಮೇಲೆ ಅವನು ಬಹಳ ನಂಬಿಕೆಯಿಂದ ಬಂದು ನಿಲ್ಲುತ್ತಿದ್ದ. ಕಾಗದವನ್ನು ಮರೆಸಿ ಹಿತ್ತಲನ್ನು ಕಲಿಸಲು ಮತ್ತೆ ಎರಡು ತಿಂಗಳು ಹಿಡಿಯಿತು. ಗಡಿಯಾರದ ವಿಧಾನ ಆರಂಭದಲ್ಲಿ ಕಷ್ಟ. ಮರಿಯ ವಯಸ್ಸಿನ ತಿಂಗಳುಗಳಿಗೆ ಒಂದನ್ನು ಕೂಡಿಸಿದರೆ ಬರುವಷ್ಟು ಗಂಟೆಗಳ ಕಾಲ ಮಾತ್ರ ಅದು ತಡೆದುಕೊಳ್ಳಬಲ್ಲದು ಎಂಬ ಲೆಕ್ಕ ರೂಢಿಯಲ್ಲಿದೆ, ಅದೂ ಗರಿಷ್ಠ ಮಿತಿ. ಇದಲ್ಲದೆ ನಿದ್ದೆಯಿಂದ ಎದ್ದ ಕೂಡಲೇ, ಉಂಡ ಕಾಲು ಗಂಟೆಯೊಳಗೆ, ಆಟ ಮುಗಿದ ಮೇಲೆ ಹೊರಗೆ ಕರೆದೊಯ್ಯಲೇಬೇಕು. ಮೂರು ವಾರ ರಾತ್ರಿ ಎರಡು ಗಂಟೆಗೆ ಅಲಾರಂ ಇಟ್ಟು ಎದ್ದಿದ್ದೇನೆ. ನಾಲ್ಕನೆಯ ವಾರದಲ್ಲಿ ಕ್ಯಾಲೆಂಡರಿನ ಮೇಲೆ ಒಂದೇ ಒಂದು ಕೆಂಪು ಗುರುತು ಬಿತ್ತು. ಹಿತ್ತಲೋ ಅಂಗಳವೋ ಇರುವವರು ನಿದ್ದೆಗೆಟ್ಟರೂ ಗಡಿಯಾರವನ್ನೇ ಆರಿಸಿಕೊಳ್ಳಲಿ ಎಂಬುದು ನನ್ನ ಅಭಿಪ್ರಾಯ. ಮೂರನೆಯ ಮಹಡಿಯಲ್ಲಿರುವವರಿಗೆ, ಲಸಿಕೆಗಳು ಪೂರ್ಣವಾಗದ ಮರಿಗೆ, ಪತ್ರಿಕೆಯೇ ದಾರಿ. ಎರಡರಲ್ಲೂ ಒಂದು ಮಾತು ಸಮಾನ: ಬರೀ ಫಿನೈಲ್ ಹಾಕಿ ಒರೆಸಿದರೆ ವಾಸನೆ ಹೋಗುವುದು ನಮ್ಮ ಮೂಗಿಗೆ ಮಾತ್ರ, ನಾಯಿಯ ಮೂಗಿಗಲ್ಲ. ಮರಿಯ ಮೂತಿಯನ್ನು ಅದರ ಮೂತ್ರಕ್ಕೆ ಒತ್ತಿ ಬುದ್ಧಿ ಕಲಿಸಿ ಎಂದು ಹಿರಿಯರೊಬ್ಬರು ಹೇಳಿದ್ದರು. ನಾನು ಅದನ್ನು ಮಾಡಲಿಲ್ಲ. ಹತ್ತು ನಿಮಿಷದ ಹಿಂದೆ ಮಾಡಿದ್ದಕ್ಕೂ ಈಗಿನ ಶಿಕ್ಷೆಗೂ ಇರುವ ಸಂಬಂಧ ನಾಯಿಗೆ ತಿಳಿಯುವುದಿಲ್ಲ. ಅದು ಕಲಿಯುವುದು ನಮ್ಮ ಕೈಗೆ ಹೆದರುವುದನ್ನಷ್ಟೇ.

ನಾನು ಹೆಚ್ಚು ಕಾಲ, ಹೆಚ್ಚು ಹಣ ಕಳೆದದ್ದು ವಾಕಿಂಗಿನ ಎಳೆದಾಟದಲ್ಲಿ. ಭೀಮ ಹತ್ತು ತಿಂಗಳಾಗುವ ಹೊತ್ತಿಗೆ ಗೇಟು ತೆಗೆದರೆ ಸಾಕು, ಮೃಗಾಲಯದ ರಸ್ತೆಯ ಕಡಲೆಕಾಯಿ ಗಾಡಿಯವರೆಗೆ ನನ್ನನ್ನು ಎಳೆದುಕೊಂಡೇ ಹೋಗುತ್ತಿದ್ದ. ಒಮ್ಮೆ ಮುಗ್ಗರಿಸಿ ಬಿದ್ದು ಮೊಣಕಾಲು ತರಚಿಕೊಂಡ ಮೇಲೆ, ಮನೆಗೆ ಬಂದು ಕಲಿಸುವ ತರಬೇತುದಾರರೊಬ್ಬರನ್ನು ಗೊತ್ತು ಮಾಡಿದೆವು. ಅವರು ತಂದದ್ದು ಚೋಕ್ ಚೈನ್, ಅಂದರೆ ಎಳೆದಷ್ಟೂ ಕುತ್ತಿಗೆಗೆ ಬಿಗಿಯುವ ಕುಣಿಕೆಯ ಸರಪಳಿ. ನಾಯಿ ಮುಂದೆ ನುಗ್ಗಿದಾಗ ಸರಪಳಿಯನ್ನು ಒಮ್ಮೆ ಜಗ್ಗಬೇಕು, ಅದು ಪಕ್ಕಕ್ಕೆ ಬಂದಾಗ ಸಡಿಲಿಸಬೇಕು. ಮೂರನೆಯ ದಿನಕ್ಕೆ ಭೀಮ ಅವರ ಎಡಗಾಲಿಗೆ ಅಂಟಿಕೊಂಡು ನಡೆದ. ವೇಗದಲ್ಲಿ ಉಳಿದ ಯಾವ ವಿಧಾನವೂ ಇದಕ್ಕೆ ಸರಿಸಾಟಿಯಾಗಲಿಲ್ಲ ಎಂಬುದನ್ನು ಒಪ್ಪಲೇಬೇಕು.

ಆದರೆ ಎರಡನೆಯ ವಾರದಲ್ಲಿ ನಾನು ಗಮನಿಸಿದ ಸಂಗತಿಯೇ ಬೇರೆ. ಅದುವರೆಗೆ ಎದುರಿಗೆ ನಾಯಿ ಬಂದರೆ ಬಾಲ ಬೀಸುತ್ತಿದ್ದ ಭೀಮ, ದೂರದಲ್ಲಿ ನಾಯಿ ಕಂಡ ತಕ್ಷಣ ತುಟಿ ಮೇಲೆತ್ತಿ ಗುರುಗುಟ್ಟಲು ಶುರು ಮಾಡಿದ. ಕಾರಣ ಹುಡುಕುವುದು ಕಷ್ಟವಾಗಲಿಲ್ಲ: ಅವನು ನುಗ್ಗುತ್ತಿದ್ದುದೇ ಬೇರೆ ನಾಯಿ ಕಂಡಾಗ, ಸರಪಳಿ ಬಿಗಿಯುತ್ತಿದ್ದುದೂ ಆಗಲೇ. ಊಟದ ಮುನ್ಸೂಚನೆ ಸಿಕ್ಕರೇ ನಾಯಿಯ ಬಾಯಲ್ಲಿ ಜೊಲ್ಲೂರುತ್ತದೆ ಎಂದು ರಷ್ಯಾದ ವಿಜ್ಞಾನಿ ಇವಾನ್ ಪಾವ್ಲೋವ್ ತೋರಿಸಿಕೊಟ್ಟ ನಿಯಮ ನೋವಿಗೂ ಅನ್ವಯಿಸುತ್ತದೆ. ಬೇರೆ ನಾಯಿಯ ಮುಖವೇ ಅವನಿಗೆ ಕುತ್ತಿಗೆ ನೋವಿನ ಮುನ್ಸೂಚನೆಯಾಗಿಬಿಟ್ಟಿತ್ತು. ಸ್ನಾನ ಮಾಡಿಸುವಾಗ ಗಂಟಲ ಕೆಳಗಿನ ಕೂದಲು ಬಿಡಿಸಿ ನೋಡಿದರೆ, ಚರ್ಮದ ಮೇಲೆ ಕೊಂಡಿಗಳ ಗುರುತು ಸಾಲಾಗಿ ಕೆಂಪಗೆ ಮೂಡಿತ್ತು. ಅಂದೇ ಆ ಸರಪಳಿಯನ್ನು ತೆಗೆದಿಟ್ಟೆ.

ನಂತರ ಹಿಡಿದದ್ದು ಸಾಧಾರಣ ಅಗಲದ ಬಟ್ಟೆಯ ಬೆಲ್ಟು ಮತ್ತು ಆರು ಅಡಿಯ ಹಗ್ಗ. ಇದರ ನಿಯಮ ಒಂದೇ: ಹಗ್ಗ ಬಿಗಿಯಾದರೆ ನಾನು ನಿಲ್ಲುತ್ತೇನೆ, ಸಡಿಲವಾದರೆ ನಡೆಯುತ್ತೇನೆ, ಅವನು ತಾನಾಗಿ ಹಿಂತಿರುಗಿ ನನ್ನ ಕಡೆ ನೋಡಿದರೆ ಆ ಕ್ಷಣವೇ ಬಾಯಿಗೊಂದು ತುಣುಕು. ಮೊದಲ ದಿನ ಗೇಟಿನಿಂದ ಬೀದಿಯ ತಿರುವಿನವರೆಗಿನ ಎಂಬತ್ತು ಹೆಜ್ಜೆಗೆ ಇಪ್ಪತ್ತೈದು ನಿಮಿಷ ಹಿಡಿಯಿತು. ಮೂರು ನಾಲ್ಕು ದಿನ ಅವನ ಎಳೆತ ಹೆಚ್ಚೇ ಆಯಿತು, ಏಕೆಂದರೆ ಇಷ್ಟು ದಿನ ಫಲ ಕೊಟ್ಟ ಉಪಾಯ ಇದ್ದಕ್ಕಿದ್ದಂತೆ ಕೆಲಸ ಮಾಡದೆ ಹೋದಾಗ ಪ್ರಾಣಿ ಅದನ್ನೇ ಇನ್ನಷ್ಟು ಜೋರಾಗಿ ಮಾಡಿ ನೋಡುತ್ತದೆ. ಬಹಳ ಜನ ಕೈಬಿಡುವುದು ಈ ಹಂತದಲ್ಲೇ. ನಮ್ಮಲ್ಲಿ ಇನ್ನೊಂದು ತೊಡಕಿತ್ತು: ಬೆಳಗ್ಗೆ ನಾನು ಪಾಲಿಸಿದ ನಿಯಮವನ್ನು ಸಂಜೆ ಕರೆದೊಯ್ಯುತ್ತಿದ್ದ ನನ್ನ ತಮ್ಮ ಪಾಲಿಸುತ್ತಿರಲಿಲ್ಲ. ಯಾವಾಗಲೋ ಒಮ್ಮೊಮ್ಮೆ ಮಾತ್ರ ಸಿಗುವ ಫಲ ಅಭ್ಯಾಸವನ್ನು ಕಡಿಮೆ ಮಾಡುವುದಿಲ್ಲ, ಗಟ್ಟಿ ಮಾಡುತ್ತದೆ. ತಮ್ಮನೂ ನಿಲ್ಲಲು ಕಲಿತ ವಾರದಿಂದ ಕ್ಯಾಲೆಂಡರಿನ ಗುರುತುಗಳು ಬದಲಾದವು. ಜಾಗದ ಆಯ್ಕೆಯೂ ನೆರವಿಗೆ ಬಂತು. ಮೃಗಾಲಯಕ್ಕೆ ಮಂಗಳವಾರ ರಜೆ. ಅಂದು ಆ ರಸ್ತೆಯಲ್ಲಿ ಪ್ರವಾಸಿ ಬಸ್ಸುಗಳ ದಟ್ಟಣೆಯಾಗಲಿ ಗಾಡಿಗಳ ಸಾಲಾಗಲಿ ಇರುವುದಿಲ್ಲ. ಹೊಸ ಪಾಠವನ್ನೆಲ್ಲ ಮಂಗಳವಾರ ಬೆಳಗ್ಗೆ ಆರಂಭಿಸಿ, ಭಾನುವಾರದ ಗದ್ದಲದಲ್ಲಿ ಪರೀಕ್ಷಿಸುವುದು ನಮ್ಮ ಮನೆಯ ಕ್ರಮವಾಯಿತು.

ಮೂರನೆಯದು ಹಾರ್ನೆಸ್, ಅಂದರೆ ಕುತ್ತಿಗೆಯ ಬದಲು ಎದೆ ಬೆನ್ನುಗಳನ್ನು ಸುತ್ತುವ ಪಟ್ಟಿ. ಇದರಲ್ಲಿ ಎರಡು ಬಗೆಯಿದ್ದು, ಅಂಗಡಿಯಲ್ಲಿ ಕೇಳದೆ ಕೊಂಡರೆ ಹಣ ವ್ಯರ್ಥವಾಗುತ್ತದೆ. ಬೆನ್ನಿನ ಮೇಲೆ ಕೊಂಡಿಯಿರುವ ಬಗೆಯನ್ನು ಮೊದಲು ತಂದೆ. ಭೀಮನ ಎಳೆತ ದುಪ್ಪಟ್ಟಾಯಿತು, ಏಕೆಂದರೆ ಭಾರವೆಲ್ಲ ಎದೆಗೆ ಹಂಚಿಹೋಗಿ ಎಳೆಯುವುದೇ ಅವನಿಗೆ ಸುಲಭವಾಯಿತು. ಹಿಮದ ನಾಡಿನಲ್ಲಿ ಜಾರುಬಂಡಿ ಎಳೆಯುವ ನಾಯಿಗಳಿಗೆ ಹಗ್ಗ ಕಟ್ಟುವುದೂ ಬೆನ್ನಿನ ಕಡೆಯಿಂದಲೇ. ಎದೆಯ ಮುಂದೆ ಕೊಂಡಿಯಿರುವ ಬಗೆಯಲ್ಲಿ ನಾಯಿ ನುಗ್ಗಿದರೆ ಅದರ ಮೈ ತಾನಾಗಿ ಪಕ್ಕಕ್ಕೆ, ನಮ್ಮ ಕಡೆಗೆ ತಿರುಗುತ್ತದೆ. ನೋವಿಲ್ಲ, ಗಂಟಲಿಗೆ ಒತ್ತಡವಿಲ್ಲ. ಕುತ್ತಿಗೆಯ ಪಟ್ಟಿಯನ್ನು ಎಳೆದಾಗ ನಾಯಿಯ ಕಣ್ಣೊಳಗಿನ ಒತ್ತಡವೂ ಏರುತ್ತದೆ ಎಂಬುದನ್ನು ಅಳೆದು ನೋಡಿದ್ದಾರೆ; ಹಾರ್ನೆಸ್ಸಿನಲ್ಲಿ ಆ ತೊಂದರೆ ಕಾಣಲಿಲ್ಲ. ಇದರ ದೋಷವೆಂದರೆ ಉಜ್ಜುವಿಕೆ. ಜುಲೈ ತಿಂಗಳ ಜಡಿಮಳೆಯಲ್ಲಿ ಒದ್ದೆಯಾದ ಪಟ್ಟಿಯನ್ನೇ ಎರಡು ದಿನ ತೊಡಿಸಿದ್ದರಿಂದ ಭೀಮನ ಕಂಕುಳು ಕೆಂಪಾಗಿ ಕೂದಲುದುರಿತು. ಹೋಲಿಸಿ ಹೇಳುವುದಾದರೆ, ಕಲಿಸಿದ್ದು ಬೆಲ್ಟಿನ ಜೊತೆಗಿನ ನಿಲ್ಲುವ ನಿಯಮವೇ ಹೊರತು ಹಾರ್ನೆಸ್ ಅಲ್ಲ. ಕಲಿಸುವಷ್ಟು ಕಾಲ ನನ್ನ ಭುಜವನ್ನೂ ಅವನ ಗಂಟಲನ್ನೂ ಕಾಪಾಡಿದ್ದು ಹಾರ್ನೆಸ್. ಎರಡನ್ನೂ ಒಟ್ಟಿಗೆ ಬಳಸಿದ ಆರು ವಾರಗಳಲ್ಲಿ ಅವನು ಸಡಿಲ ಹಗ್ಗದಲ್ಲಿ ನಡೆಯತೊಡಗಿದ. ಬೇರೆ ನಾಯಿಗಳ ಮೇಲಿನ ಗುರುಗುಟ್ಟುವಿಕೆ ಹೋಗಲು ಮಾತ್ರ ಎಂಟು ತಿಂಗಳು ಬೇಕಾಯಿತು. ಮೂರು ದಿನದ ಅನುಕೂಲಕ್ಕೆ ತೆತ್ತ ಈ ಬೆಲೆಯನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಇಲ್ಲಿಯೇ ಒಂದು ಮಾತು ಹೇಳಬೇಕು. ಹಗಲೆಲ್ಲ ಗೇಟಿನ ಬಳಿ ಕಟ್ಟಿಹಾಕಿದ ನಾಯಿ ಸಂಜೆ ಹತ್ತು ನಿಮಿಷ ಹೊರಬಂದಾಗ ಎಳೆಯದೆ ಇನ್ನೇನು ಮಾಡೀತು? ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ಮಿತಿಮೀರಿದ ಕಾಲ ಕಟ್ಟಿಡುವುದು, ಸದಾ ಕಟ್ಟಿರುವ ನಾಯಿಗೆ ತಕ್ಕಷ್ಟು ಓಡಾಟ ಕೊಡದಿರುವುದು, ಇವೆರಡೂ 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧ.

ತಿನಿಸಿನ ಹೋಲಿಕೆಯನ್ನು ಬೇಗ ಮುಗಿಸಬಹುದು. ಭೀಮನಿಗೆ ಸೌತೆಕಾಯಿ ಚೂರೂ ಬಹುಮಾನವೇ. ಲ್ಯಾಬ್ರಡಾರ್‌ಗಳಲ್ಲಿ ಸುಮಾರು ನಾಲ್ಕರಲ್ಲೊಂದು ನಾಯಿಗೆ ಹಸಿವನ್ನು ಹೆಚ್ಚಿಸುವ ಒಂದು ಜೀನ್ ವ್ಯತ್ಯಾಸವಿದೆ ಎಂದು 2016ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ. ಆದ್ದರಿಂದ ಕೊಟ್ಟ ತುಣುಕುಗಳ ಲೆಕ್ಕವಿಟ್ಟು ರಾತ್ರಿಯ ಮುದ್ದೆಯಲ್ಲಿ ಅಷ್ಟನ್ನು ಕಡಿಮೆ ಮಾಡುತ್ತೇವೆ. ಚಿನ್ನಿ ಮನೆಯೊಳಗೆ ಬಿಸ್ಕತ್ತಿಗೆ ಒಲಿದರೂ ಬೀದಿಯಲ್ಲಿ ಮುಖ ತಿರುಗಿಸುತ್ತಾಳೆ. ಅಲ್ಲಿ ಅವಳಿಗೆ ಬೇಯಿಸಿದ ಕೋಳಿಯೇ ಆಗಬೇಕು, ಅದೂ ಕಡಲೆಕಾಳಿನ ಗಾತ್ರದ್ದು. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ ನಾಯಿಗೆ ವಿಷ. ಸರಿಯಾದ ಕ್ಷಣವನ್ನು ಗುರುತಿಸಲು ಕ್ಲಿಕ್ಕರ್ ಎಂಬ ಟಿಕ್ಕೆನ್ನುವ ಪುಟ್ಟ ಸಾಧನವನ್ನೂ ತಂದಿದ್ದೆ. ಭೀಮನಿಗೆ ಅದು ಬಾಯಿಮಾತಿಗಿಂತ ಚೆನ್ನಾಗಿ ಹೊಂದಿತು, ಚಿನ್ನಿ ಅದರ ಸದ್ದಿಗೇ ಮಂಚದ ಕೆಳಗೆ ಸೇರಿದಳು. ಅವಳಿಗೆ ಮೆಲುದನಿಯ ‘ಭಲೆ’ ಎಂಬ ಮಾತೇ ಸಾಕಾಯಿತು. ಅತ್ತೆಯವರು ‘ಕೂತ್ಕೊಳೋ’ ಎಂದೂ, ಮಗಳು ‘ಸಿಟ್’ ಎಂದೂ, ನಾನು ‘ಕೂರು’ ಎಂದೂ ಹೇಳುತ್ತಿದ್ದಾಗ ಎರಡೂ ನಾಯಿಗಳು ನಮ್ಮ ಮುಖ ಮುಖ ನೋಡುತ್ತಿದ್ದವು. ಎಲ್ಲರೂ ‘ಕೂರು’ ಎಂದು ಒಪ್ಪಿಕೊಂಡ ಐದನೆಯ ದಿನ ಇಬ್ಬರೂ ಕೂತರು.

ಇನ್ನು ಚಿನ್ನಿಯ ಭಯ. ಜಂಬೂ ಸವಾರಿಯ ದಿನ ಅಂಬಾರಿಯಲ್ಲಿ ವಿರಾಜಮಾನಳಾದ ಚಾಮುಂಡೇಶ್ವರಿಗೆ ಪುಷ್ಪಾರ್ಚನೆ ಆಗುವಾಗ 21 ಕುಶಾಲತೋಪು ಸಿಡಿಸುತ್ತಾರೆ. ಆನೆ ಕುದುರೆಗಳು ಬೆದರದಿರಲೆಂದು ಅದಕ್ಕೆ ಮುನ್ನ ಹಲವು ಸುತ್ತು ತಾಲೀಮು ನಡೆಯುತ್ತದೆ. ನಮ್ಮ ಮನೆಯ ಕಿಟಕಿ ಗಾಜು ಆ ಸದ್ದಿಗೆ ಅದುರುತ್ತದೆ. ಮೊದಲ ವರ್ಷ, ಕೇಳಿ ಕೇಳಿ ಅಭ್ಯಾಸವಾಗಲೆಂದು, ಮಂಚದ ಕೆಳಗಿದ್ದವಳನ್ನು ಎತ್ತಿ ತಂದು ಅಂಗಳದಲ್ಲಿ ಹಿಡಿದುಕೊಂಡು ಕೂತೆವು. ಅವಳು ನನ್ನ ಮಡಿಲಲ್ಲೇ ಮೂತ್ರ ಮಾಡಿಕೊಂಡಳು, ಎರಡು ದಿನ ಅನ್ನ ಮುಟ್ಟಲಿಲ್ಲ. ಎರಡನೆಯ ವರ್ಷ ಒಳಕೋಣೆಯಲ್ಲಿ ಪರದೆ ಎಳೆದು, ಫ್ಯಾನು ರೇಡಿಯೋ ಹಾಕಿ ಜೊತೆಗಿದ್ದೆವು. ನಡುಗುವುದು ಕಡಿಮೆಯಾಯಿತು, ಆದರೆ ಮುಂದಿನ ಸದ್ದಿಗೆ ಅವಳು ಮತ್ತೆ ಮೊದಲಿನಂತೆಯೇ ಬೆದರಿದಳು. ಹೆದರಿದ ನಾಯಿಯನ್ನು ಸಮಾಧಾನ ಮಾಡಿದರೆ ಭಯ ಹೆಚ್ಚುತ್ತದೆ ಎಂಬ ಮಾತನ್ನು ನಂಬಬೇಡಿ. ನಮ್ಮ ಕೈಯ ಸ್ಪರ್ಶ ಅವಳ ಉಸಿರನ್ನು ನಿಧಾನ ಮಾಡಿದ್ದನ್ನು ನಾನು ಕಂಡಿದ್ದೇನೆ.

ಮೂರನೆಯ ದಾರಿ ಹೊಳೆದದ್ದು ಆನೆಗಳ ತಾಲೀಮನ್ನು ನೋಡಿ. 750 ಕಿಲೋ ತೂಕದ ಅಂಬಾರಿಯನ್ನು ಒಂದೇ ಸಲಕ್ಕೆ ಹೊರಿಸುವುದಿಲ್ಲ. ಮರಳಿನ ಮೂಟೆಗಳನ್ನು ಹೇರಿ, ಭಾರವನ್ನು ದಿನದಿಂದ ದಿನಕ್ಕೆ ಏರಿಸುತ್ತಾರೆ. ಕಳೆದ ವರ್ಷ ದಸರೆಗೆ ಆರು ವಾರವಿರುವಾಗಲೇ ತೋಪಿನ ಸದ್ದನ್ನು ಮೊಬೈಲಿನಲ್ಲಿ ಕೇಳಿಸೀತೋ ಇಲ್ಲವೋ ಎಂಬಷ್ಟು ಮೆಲ್ಲಗೆ ಹಾಕಿ, ಪ್ರತಿ ಸದ್ದಿನ ಬೆನ್ನಿಗೇ ಕೋಳಿಯ ತುಣುಕು ಕೊಟ್ಟೆವು. ಕಿವಿ ಹಿಂದಕ್ಕೆ ಮಡಚಿದರೆ ಅಂದಿಗೆ ಅಷ್ಟಕ್ಕೇ ನಿಲ್ಲಿಸಿ, ಮರುದಿನ ಒಂದು ಹಂತ ಕೆಳಗಿನಿಂದ ಆರಂಭಿಸುತ್ತಿದ್ದೆವು. ಮೊಬೈಲಿನ ಪುಟ್ಟ ಸ್ಪೀಕರ್ ಎದೆಗೆ ತಾಗುವ ಆ ಗಡಸು ಕಂಪನವನ್ನು ಕೊಡಲಾರದು. ಹಾಗಾಗಿ ನಿಜವಾದ ತಾಲೀಮಿನ ದಿನಗಳಲ್ಲಿ ಅವಳನ್ನು ಕುವೆಂಪುನಗರದ ಅಕ್ಕನ ಮನೆಯ ತಾರಸಿಗೆ ಕರೆದೊಯ್ದು, ದೂರದಿಂದ ಬರುವ ಮೊಳಗಿಗೆ ಅದೇ ಅಭ್ಯಾಸ ಮಾಡಿಸಿದೆವು. ಮೂರೂ ದಾರಿಗಳಲ್ಲಿ ಹೆಚ್ಚು ತಾಳ್ಮೆ ಬೇಡಿದ್ದು ಇದೇ, ಮುಂದಿನ ಸದ್ದಿಗೂ ಉಪಯೋಗಕ್ಕೆ ಬಂದದ್ದು ಇದೊಂದೇ. ಭಯ ಇದಕ್ಕೂ ಬಗ್ಗದಿದ್ದರೆ ಪಶುವೈದ್ಯರ ಬಳಿ ಅದಕ್ಕೆ ಔಷಧಿಯೂ ಇದೆ, ಕೇಳಲು ಸಂಕೋಚಪಡಬಾರದು.

ವಿಜಯದಶಮಿಯಂದು ಮೊದಲ ತೋಪಿಗೆ ಚಿನ್ನಿ ಬೆಚ್ಚಿ ಎದ್ದು ನಿಂತಳು. ನಾಲ್ಕನೆಯದಕ್ಕೆ ಬಾಗಿಲ ಕಡೆ ನೋಡುವ ಬದಲು ನನ್ನ ಕೈಯ ಕಡೆ ನೋಡಿದಳು. ಬೆರಳಿಂದ ಕೋಳಿಯ ಚೂರನ್ನು ಎತ್ತಿಕೊಳ್ಳುವಾಗ ಅವಳ ತುಟಿ ಇನ್ನೂ ನಡುಗುತ್ತಿತ್ತು, ಆದರೂ ತಿಂದಳು. ಒಂಬತ್ತನೆಯದಾದ ಮೇಲೆ ತಾನಾಗಿ ಒಳಕೋಣೆಗೆ ನಡೆದು ಚಾಪೆಯ ಮೇಲೆ ಮಲಗಿದಳು. ಮಂಚದ ಕೆಳಗೆ ನುಸುಳಲಿಲ್ಲ. ದೀಪಾವಳಿಯ ಪಟಾಕಿಗೆ ಈ ಅಭ್ಯಾಸ ಅಷ್ಟು ಒದಗಲಿಲ್ಲ, ಆ ಮೂರು ದಿನ ಈಗಲೂ ಪರದೆ ಮತ್ತು ರೇಡಿಯೋ. ಈ ವರ್ಷದ ಕ್ಯಾಲೆಂಡರಿನಲ್ಲಿ ಶ್ರಾವಣದ ಕೊನೆಯ ವಾರದ ಮೇಲೆ ಮಗಳು ಈಗಾಗಲೇ ‘ಚಿನ್ನಿಯ ತಾಲೀಮು ಶುರು’ ಎಂದು ಹಸಿರು ಶಾಯಿಯಲ್ಲಿ ಬರೆದಿಟ್ಟಿದ್ದಾಳೆ.